ಆಕ್ಲೆಂಡಿನಲ್ಲೊಂದು ಬಾಣಂತನ



ಪ್ರವಾಸ ಲೇಖನ ಅಂದ ಕೂಡಲೇ ನೀವು ಕಾಶಿ, ರಾಮೇಶ್ವರ, ಊಟಿ, ಕೊಡೈಕೆನಾಲ್ ಅಂತ ಏನೋ ನಿರೀಕ್ಷಿಸಿರಬಹುದು. ನಾನು ಬರೆಯ ಹೊರಟಿರುವುದು ಅಂಥ ಪ್ರವಾಸವಲ್ಲ. ಪರದೇಶದಲ್ಲಿ ಮೂರು ತಿಂಗಳು ಇದ್ದು ಬಂದೆ, ನಿಜ. ಆದರೆ ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಒಂದು ಅಡಿಗೆಮನೆ, ಒಂದು ಬಚ್ಚಲುಮನೆ ಮತ್ತು ಪಕ್ಕದ ಮನೆಯ ಅಂಗಳದಲ್ಲಿ. ಹೋಗಿದ್ದು ತಂಗಿಯ ಬಾಣಂತನಕ್ಕೆ. ಬರುವಾಗ ತಂದದ್ದು ಮಾತ್ರ ನಾನು ಎಣಿಸಿರದ ಒಂದು ಪಾಠ. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳದೆ ಇನ್ಯಾರ ಹತ್ತಿರ ಹೇಳಲಿ?

ನಮ್ಮಮ್ಮ ಇದ್ದಿದ್ದರೆ ಅವಳೇ ಹೋಗುತ್ತಿದ್ದಳು. ಅಮ್ಮ ತೀರಿಕೊಂಡು ಎಂಟು ವರ್ಷವಾಗಿತ್ತು. ತಂಗಿಯೂ ಅವಳ ಗಂಡನೂ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿದ್ದಾರೆ. 2024ರ ಆಗಸ್ಟ್ ಕೊನೆಯಲ್ಲಿ ನಾನು ಬೆಂಗಳೂರಲ್ಲಿ ವಿಮಾನ ಹತ್ತಿದೆ. ಸಿಂಗಪುರದಲ್ಲಿ ಇಳಿದು ಮತ್ತೊಂದು ವಿಮಾನ, ಅದರಲ್ಲಿ ಹತ್ತು ಗಂಟೆ. ಎಸ್‌ಎಸ್‌ಎಲ್‌ಸಿ ಇಂಗ್ಲಿಷಿನ ಬಲದ ಮೇಲೆ ಅಷ್ಟು ದೂರ ಒಬ್ಬಳೇ ಹೋದೆ ಅಂದರೆ ನನಗೇ ಈಗಲೂ ಆಶ್ಚರ್ಯ. ನಮ್ಮಲ್ಲಿ ಮಳೆಗಾಲ ಮುಗಿಯುತ್ತಿದ್ದರೆ ಅಲ್ಲಿ ಚಳಿಗಾಲ ಮುಗಿಯುತ್ತಿತ್ತು. ನಾವು ಬೆಳಗಿನ ತಿಂಡಿ ತಿನ್ನುವ ಹೊತ್ತಿಗೆ ಅವರಿಗೆ ಮಧ್ಯಾಹ್ನದ ಊಟ ಮುಗಿದಿರುತ್ತೆ.

ತಂಗಿಯ ಮನೆ ಇರುವುದು ಊರಿನ ದಕ್ಷಿಣಕ್ಕೆ, ಪಾಪಾಟೋಯಿಟೋಯಿ ಎಂಬ ಬಡಾವಣೆಯಲ್ಲಿ. ಹೆಸರು ಹೇಳೋದಕ್ಕೆ ನನಗೆ ಒಂದು ವಾರ ಬೇಕಾಯ್ತು! ಆಸುಪಾಸಿನಲ್ಲಿ ಪಂಜಾಬಿಗಳು, ಗುಜರಾತಿಗಳು, ಫಿಜಿಯಿಂದ ಬಂದ ಭಾರತೀಯರು. ಅವರ ಜೊತೆಗೆ ಪೆಸಿಫಿಕ್ ಸಾಗರದ ದ್ವೀಪಗಳ ಜನ. ಸಮೋವಾ, ಟಾಂಗಾ, ಕುಕ್ ದ್ವೀಪಗಳು, ನಿಯುವೆ, ತೊಕೆಲಾವ್ ಹೀಗೆ ನಕ್ಷೆಯಲ್ಲಿ ಚುಕ್ಕೆಯಷ್ಟೇ ಕಾಣುವ ಊರುಗಳವರು. 2023ರ ಜನಗಣತಿಯಲ್ಲಿ ಆ ದೇಶದ ನೂರು ಜನರಲ್ಲಿ ಸುಮಾರು 9 ಮಂದಿ ಇವರೇ. 1950ರ ನಂತರ ಅಲ್ಲಿನ ಕಾರ್ಖಾನೆಗಳಿಗೆ ಕೆಲಸಗಾರರು ಬೇಕಾಗಿ ಇವರನ್ನು ಕರೆಸಿಕೊಂಡರಂತೆ. 1970ರ ದಶಕದಲ್ಲಿ ಕೆಲಸ ಕಡಿಮೆಯಾದಾಗ ಬೆಳಗಿನ ಜಾವ ಪೊಲೀಸರು ಬಾಗಿಲು ಬಡಿದು, ವೀಸಾ ಮುಗಿದವರನ್ನು ಹಿಡಿದು ವಾಪಸು ಕಳಿಸಿದರು. ಆ ಅನ್ಯಾಯಕ್ಕೆ ಸರಕಾರ ಬಹಿರಂಗವಾಗಿ ಕ್ಷಮೆ ಕೇಳಿದ್ದು 2021ರ ಆಗಸ್ಟ್ 1ರಂದು. ಪ್ರಧಾನಿ ಜಸಿಂಡಾ ಆರ್ಡರ್ನ್ ಸಮೋವಾ ಪದ್ಧತಿಯಂತೆ ತಲೆಯ ಮೇಲೆ ಚಾಪೆ ಹೊದಿಸಿಕೊಂಡು ಕೂತರು; ನೊಂದವರ ಕಡೆಯವರು ಬಂದು ಚಾಪೆ ತೆಗೆದು ಅಪ್ಪಿಕೊಂಡರು. ತಪ್ಪು ಮಾಡಿದವರು ಹೀಗೆ ತಲೆ ಮುಚ್ಚಿ ಕೂರುವುದೂ, ನೊಂದವರು ಮುಸುಕು ತೆಗೆಯುವುದೂ ಅವರಲ್ಲಿ ಬಹಳ ಹಳೆಯ ಆಚಾರ. ಮನಸ್ಸಿನ ಗಂಟು ಬಿಚ್ಚದಿದ್ದರೆ ಮೈಗೂ ನೆಮ್ಮದಿಯಿಲ್ಲ ಅನ್ನುವುದು ಅವರ ನಂಬಿಕೆ.

ಶನಿವಾರದ ಸಂತೆ

ಬಂದ ವಾರವೇ ಭಾವ ನನ್ನನ್ನು ಓಟಾರಾ ಎಂಬಲ್ಲಿನ ಶನಿವಾರದ ಸಂತೆಗೆ ಕರೆದುಕೊಂಡು ಹೋದರು. ನಮ್ಮೂರ ಸಂತೆಯ ನೆನಪಾಯಿತು ನೋಡಿ! ಕೆಸುವಿನ ಗೆಡ್ಡೆಯ ರಾಶಿ, ಕಾಯಿ ಬಾಳೆಯ ಗೊನೆ, ತೆಂಗಿನಕಾಯಿ, ಹೂವಿನ ಹಾರ. ಕಿವಿಗೆ ಹೂ ಸಿಕ್ಕಿಸಿಕೊಂಡ ಹೆಂಗಸರು. ಸೊಂಟಕ್ಕೆ ನಮ್ಮ ಪಂಚೆಯ ಹಾಗೆ ಬಟ್ಟೆ ಸುತ್ತಿದ ಗಂಡಸರು. ಒಂದು ಮೂಲೆಯಲ್ಲಿ ಗಿಟಾರ್ ಹಿಡಿದು ಯೇಸುವಿನ ಸ್ತುತಿ ಹಾಡುವವರು. ಕೆಸುವಿನ ಎಲೆಯನ್ನು ಕಂತೆ ಕಟ್ಟಿ ಇಟ್ಟಿದ್ದನ್ನು ಕಂಡು ನನಗೆ ಪತ್ರೊಡೆಯ ಆಸೆ ತಡೆಯಲಾಗಲಿಲ್ಲ.

ಆ ಎಲೆಯಿಂದಲೇ ನನಗೆ ಪಕ್ಕದ ಮನೆಯವರ ಪರಿಚಯವಾದದ್ದು. ಹಿತ್ತಲಲ್ಲಿ ಕೂತು ಎಲೆಯ ನಾರು ತೆಗೆಯುತ್ತಿದ್ದೆ. ಬೇಲಿಯ ಆಚೆಯಿಂದ ಅರವತ್ತರ ಪ್ರಾಯದ, ಎತ್ತರದ, ತುಂಬು ಮೈಯ ಹೆಂಗಸೊಬ್ಬರು ನಕ್ಕು, 'ಪಾಲುಸಾಮಿ ಮಾಡ್ತೀಯಾ?' ಅಂತ ಇಂಗ್ಲಿಷಿನಲ್ಲಿ ಕೇಳಿದರು. ನನಗೋ, ಪಾಲುಸ್ವಾಮಿ ಅಂದರೆ ಯಾರಪ್ಪಾ ಅನ್ನಿಸಿತು! ಪಾಲುಸಾಮಿ ಅಂದರೆ ಅವರ ಹಬ್ಬದಡಿಗೆ. ಎಳೆಯ ಕೆಸುವಿನೆಲೆಯನ್ನು ಬಟ್ಟಲಿನ ಹಾಗೆ ಹಿಡಿದು, ಅದಕ್ಕೆ ಗಟ್ಟಿ ತೆಂಗಿನ ಹಾಲು, ಈರುಳ್ಳಿ, ಉಪ್ಪು ಹಾಕಿ ಮಡಿಚಿ, ಕಾದ ಕಲ್ಲುಗಳ ಮೇಲೆ ಬೇಯಿಸುತ್ತಾರೆ. ಎಲೆ ಚೆನ್ನಾಗಿ ಬೇಯದಿದ್ದರೆ ಅವರಿಗೂ ಗಂಟಲು ತುರಿಕೆಯೇ. ನಮ್ಮ ಹಾಗೆ ಹುಣಿಸೆಹಣ್ಣು ಹಾಕುವುದಿಲ್ಲ. ತೆಂಗಿನ ಹಾಲಿನಲ್ಲಿ ನಿಧಾನವಾಗಿ ಬೇಯಿಸಿಯೇ ತುರಿಕೆ ಕಳೆಯುತ್ತಾರೆ. ನಾನು ಎರಡು ತುಂಡು ಪತ್ರೊಡೆ ಕೊಟ್ಟೆ. ಸಂಜೆಗೆ ಅವರ ಪಾಲುಸಾಮಿ ಬಂತು, ನಮಗಾಗಿ ಮಾಂಸ ಹಾಕದೆ ಮಾಡಿದ್ದು.

ಅವರ ಮೊಮ್ಮಕ್ಕಳು ಅವರನ್ನು 'ಮಾಮಾ' ಅಂತ ಕರೆಯುತ್ತಿದ್ದವು. ಅವರ ಭಾಷೆಯಲ್ಲಿ ಹಿರಿಯ ಹೆಂಗಸಿಗೆ ಹಾಗೆ ಅನ್ನುತ್ತಾರಂತೆ. ನಮಗೆ ಮಾಮ ಅಂದರೆ ಬೇರೆಯೇ ಅಲ್ಲವೇ? ನಾನು ನಗು ತಡೆಯಲಾರದೆ ವಿಷಯ ಹೇಳಿದೆ. ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ನಾನು ಅವರನ್ನು ಸಮೋವಾ ಅಕ್ಕ ಅಂತ ಕರೆಯುವುದೆಂದಾಯಿತು.

ಸಂಜೆಯ ಹಾಡು

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಿಂದ ಹಾಡು ಕೇಳುತ್ತಿತ್ತು. ಅಜ್ಜ, ಅಜ್ಜಿ, ಮಗ, ಸೊಸೆ, ಮಕ್ಕಳು ಎಲ್ಲರೂ ಸೇರಿ ಹಾಡುವುದು. ಗಂಡಸರ ದನಿ ಕೆಳಗೆ, ಹೆಂಗಸರ ದನಿ ಮೇಲೆ, ಯಾವ ವಾದ್ಯವೂ ಇಲ್ಲ. ಇದಕ್ಕೆ 'ಲೋತು' ಅನ್ನುತ್ತಾರೆ. ಹಾಡು, ಬೈಬಲಿನ ಒಂದು ಭಾಗ, ಪ್ರಾರ್ಥನೆ. ಅದಾದ ಮೇಲೆ ಮನೆಯ ಮಾತುಕತೆ. ಯಾರಿಗೆ ಹುಷಾರಿಲ್ಲ, ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಯಾವ ಮಗು ಶಾಲೆಯಲ್ಲಿ ಜಗಳವಾಡಿತು, ಎಲ್ಲ ಅಲ್ಲೇ ಇತ್ಯರ್ಥ. ಆಮೇಲೆ ಊಟ.

ಸಮೋವಾದ ಹಳ್ಳಿಗಳಲ್ಲಿ ಮುಸ್ಸಂಜೆಗೆ ಶಂಖವನ್ನೋ ಗಂಟೆಯನ್ನೋ ಬಾರಿಸುತ್ತಾರಂತೆ. ಕೂಡಲೇ ಎಲ್ಲರೂ ಮನೆಯೊಳಗೆ. ಹಳ್ಳಿಯ ಯುವಕರು ರಸ್ತೆ ಬದಿಗೆ ನಿಂತು ಯಾರೂ ಓಡಾಡದಂತೆ ನೋಡಿಕೊಳ್ಳುತ್ತಾರೆ. ಆ ಹೊತ್ತಿಗೆ 'ಸಾ' ಅಂತ ಹೆಸರು. ಸಾ ಅಂದರೆ ಪವಿತ್ರ ಅಂತಲೂ ಹೌದು, ಮುಟ್ಟಬಾರದ್ದು ಅಂತಲೂ ಹೌದು. ನಮ್ಮ 'ಮಡಿ'ಯ ಹಾಗೆ ಅಂದುಕೊಳ್ಳಿ. ಕ್ರೈಸ್ತ ಪಾದ್ರಿಗಳು ಸಮೋವಾಕ್ಕೆ ಬಂದದ್ದು 1830ರಲ್ಲಿ. ಅದಕ್ಕೂ ಮುಂಚೆ ಸಂಜೆಯ ಊಟದ ಹೊತ್ತಿಗೆ ಒಲೆಯ ಬೆಂಕಿಯನ್ನು ಉರಿಸಿ, ಅದನ್ನೇ ದೇವರಿಗೆ ಅರ್ಪಿಸಿ, ಮನೆಯ ಹಿರಿಯ ಎಲ್ಲರ ಆರೋಗ್ಯಕ್ಕಾಗಿ ಬೇಡಿಕೊಳ್ಳುತ್ತಿದ್ದರಂತೆ. ದೇವರ ಹೆಸರು ಬದಲಾಯಿತು, ಹೊತ್ತು ಮಾತ್ರ ಅದೇ ಉಳಿಯಿತು.

ಇನ್ನೊಂದು ಕೇಳಿ. ಮುಸ್ಸಂಜೆ ಹೊತ್ತು ತಲೆಗೂದಲು ಬಿಚ್ಚಿಕೊಂಡು ಹೊರಗೆ ಓಡಾಡಬೇಡ, ರಾತ್ರಿ ಕನ್ನಡಿ ನೋಡಬೇಡ, ಬಸುರಿಯನ್ನು ಒಬ್ಬಳೇ ಬಿಡಬೇಡ. ಇವೆಲ್ಲ ನಮ್ಮಜ್ಜಿಯ ಮಾತು ಅಂದುಕೊಂಡಿರಾ? ಸಮೋವಾ ಅಕ್ಕನ ಅಜ್ಜಿಯೂ ಇದನ್ನೇ ಹೇಳುತ್ತಿದ್ದರಂತೆ! ಉದ್ದ ಕೂದಲಿನ ಹುಡುಗಿಯರನ್ನು ಕಂಡರೆ ಅಸೂಯೆಪಡುವ ಹೆಣ್ಣು ದೆವ್ವಗಳು ಅವರಲ್ಲೂ ಇವೆ. ನಾವು ಸಕ್ಕರೆ ಕಾಯಿಲೆ ಅನ್ನುವುದಕ್ಕೆ ಅವರು 'ಮಾಇ ಸುಕಾ' ಅನ್ನುತ್ತಾರೆ. ಸುಕಾ ಅಂದರೆ ಸಕ್ಕರೆ, ಮಾಇ ಅಂದರೆ ಕಾಯಿಲೆ. ಆ ಕಾಯಿಲೆ ನಮ್ಮವರಷ್ಟೇ ಅವರನ್ನೂ ಕಾಡುತ್ತಿದೆ.

ಭೂಮಿಗೂ ಮಾಸಿಗೂ ಒಂದೇ ಹೆಸರು

ಸೆಪ್ಟೆಂಬರ್ ಮೊದಲ ವಾರ ತಂಗಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಅಲ್ಲಿ ಬಸುರಿಯರನ್ನು ಹೆಚ್ಚಾಗಿ ನೋಡಿಕೊಳ್ಳುವುದು ತರಬೇತಾದ ಸೂಲಗಿತ್ತಿಯರು. ತೊಂದರೆಯಿದ್ದರಷ್ಟೇ ದೊಡ್ಡ ಡಾಕ್ಟರು. ಹೆರಿಗೆಯಾದ ಸ್ವಲ್ಪ ಹೊತ್ತಿಗೆ ಸೂಲಗಿತ್ತಿ ಮೆತ್ತಗೆ ಕೇಳಿದಳು: 'ಮಾಸನ್ನು ಮನೆಗೆ ತೆಗೆದುಕೊಂಡು ಹೋಗ್ತೀರಾ?'

ನಾನು ತಬ್ಬಿಬ್ಬಾದೆ. ನಮ್ಮಲ್ಲಿ ಹಿಂದೆ ಮನೆಯಲ್ಲೇ ಹೆರಿಗೆಯಾದಾಗ ಹಿತ್ತಲಲ್ಲಿ ಹೂಳುತ್ತಿದ್ದರು. ಆಸ್ಪತ್ರೆಗಳು ಬಂದ ಮೇಲೆ ಅದು ಎಲ್ಲಿ ಹೋಗುತ್ತೆ ಅಂತ ಯಾರು ಕೇಳುತ್ತಾರೆ? ಆ ನಾಡಿನ ಮೂಲ ನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ 'ಫೆನುವಾ' ಅಂದರೆ ಭೂಮಿ. ಮಾಸಿಗೂ ಅದೇ ಪದ. ಸಮೋವಾದವರಲ್ಲಿ 'ಫನುವಾ', ಟಾಂಗಾದವರಲ್ಲಿ 'ಫೊನುವಾ', ಅಲ್ಲೂ ಎರಡಕ್ಕೂ ಒಂದೇ ಮಾತು. ಮಗುವನ್ನು ಒಂಬತ್ತು ತಿಂಗಳು ಸಾಕಿದ್ದನ್ನು ಭೂಮಿಗೆ ಒಪ್ಪಿಸಿದರೆ ಭೂಮಿ ಆಮೇಲೆ ಮಗುವನ್ನು ಸಾಕುತ್ತದೆ ಅನ್ನುವ ಭಾವನೆ. ಆ ಕಾರಣಕ್ಕೆ ಆಸ್ಪತ್ರೆಗಳಲ್ಲಿ ಕೇಳಿಯೇ ಕೇಳುತ್ತಾರೆ.

ತಂಗಿ ಇರುವುದು ಬಾಡಿಗೆ ಮನೆಯಲ್ಲಿ. ಬಾಡಿಗೆ ಮನೆಯ ಹಿತ್ತಲಲ್ಲಿ ಹೂತರೆ ನಾಳೆ ಬಿಟ್ಟು ಹೋಗಬೇಕಲ್ಲ ಅಂತ ಅವಳಿಗೆ ಚಿಂತೆ. ಸಮೋವಾ ಅಕ್ಕ ಒಂದು ದೊಡ್ಡ ಕುಂಡ ಹೊತ್ತು ತಂದರು. 'ನಮ್ಮವರಲ್ಲೂ ಬಾಡಿಗೆ ಮನೆಯವರೇ ಜಾಸ್ತಿ. ಕುಂಡದಲ್ಲಿ ಇಡು. ಸ್ವಂತ ಮನೆ ಆದ ದಿನ ನೆಲಕ್ಕೆ ಇಳಿಸು' ಅಂದರು. ಮೇಲೆ ದೇವಕಣಗಿಲೆಯ ಒಂದು ಕೊಂಬೆ ನೆಟ್ಟೆವು. ಹೊಕ್ಕುಳ ಬಳ್ಳಿ ಹೂತ ಊರು ಅಂತ ನಾವು ಮಾತಿಗೆ ಅನ್ನುತ್ತೀವಲ್ಲ, ಆ ಮಾತಿನ ಅರ್ಥ ನನಗೆ ಆ ದಿನ ಪೂರ್ತಿ ತಿಳಿಯಿತು.

ಸೂತಕ ಕಳೆಯುವವರೆಗೆ ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚುವಂತಿರಲಿಲ್ಲ. ಆ ಹತ್ತು ದಿನವೂ ಸಂಜೆ ಪಕ್ಕದ ಮನೆಯ ಹಾಡೇ ನಮ್ಮ ಮನೆಗೂ ದೀಪವಾಯಿತು.

ಆ ಕೆಟ್ಟ ದಿನಗಳು

ಇನ್ನು ಮುಂದಿನದನ್ನು ಬರೆಯಲು ತಂಗಿಯ ಒಪ್ಪಿಗೆ ಪಡೆದಿದ್ದೇನೆ. 'ಬರಿ ಅಕ್ಕಾ, ಯಾರಿಗಾದರೂ ಉಪಯೋಗವಾಗಲಿ' ಅಂದಳು.

ನಾಮಕರಣವಾದ ಮೇಲೆ ಅವಳು ದಿನದಿನಕ್ಕೆ ಮಂಕಾದಳು. ಮೊದಲು ಕಾರಣವಿಲ್ಲದ ಅಳು. ಆಮೇಲೆ ಅಳುವೂ ನಿಂತಿತು. ಮಗು ಅತ್ತರೆ ಗೋಡೆ ಕಡೆ ತಿರುಗಿ ಮಲಗುವಳು. ಹಾಲು ಕೊಡುವಾಗಲೂ ಮಗುವಿನ ಮುಖ ನೋಡಳು. ರಾತ್ರಿಯೆಲ್ಲ ಕಣ್ಣು ಬಿಟ್ಟೇ ಇರುವಳು. ನಾನು ದೃಷ್ಟಿ ತೆಗೆದೆ. ಎಣ್ಣೆ ಹಚ್ಚಿ ಬಿಸಿ ನೀರು ಹೊಯ್ದೆ. ಬಾಣಂತಿ ಖಾರ, ಮೆಂತ್ಯದ ಹಿಟ್ಟು, ಅಂಟಿನುಂಡೆ ಎಲ್ಲ ಕೊಟ್ಟೆ. ಏನೂ ತಾಗಲಿಲ್ಲ. ಒಂದು ರಾತ್ರಿ ಅವಳು, 'ಅಕ್ಕಾ, ಈ ಮಗುವಿಗೆ ನಾನಿಲ್ಲದಿದ್ದರೇ ಒಳ್ಳೇದೇನೋ' ಅಂದಳು. ನನ್ನ ಕೈಕಾಲು ತಣ್ಣಗಾಯಿತು.

ಮನೆಗೆ ಬರುತ್ತಿದ್ದ ಸೂಲಗಿತ್ತಿಗೆ ಬೆಳಗ್ಗೆಯೇ ಫೋನ್ ಮಾಡಿಸಿದೆ. ಅವಳು ಬಂದು, ಕೂತು, ಒಂದೊಂದಾಗಿ ಪ್ರಶ್ನೆ ಕೇಳಿ, ಅದೇ ದಿನ ಡಾಕ್ಟರ ಹತ್ತಿರ ಕಳಿಸಿದಳು. ಹೆರಿಗೆಯ ನಂತರ ಕೆಲವರಿಗೆ ಬರುವ ಮನಸ್ಸಿನ ಕಾಯಿಲೆ ಇದು, ಯಾರ ತಪ್ಪೂ ಅಲ್ಲ, ವಾಸಿಯಾಗುತ್ತೆ ಅಂದರು ಡಾಕ್ಟರು. ಅವಳನ್ನು ಒಂಟಿಯಾಗಿ ಬಿಡಬೇಡಿ ಅಂದರು. ಹಾಲುಣಿಸುವವರೂ ತೆಗೆದುಕೊಳ್ಳಬಹುದಾದ ಮಾತ್ರೆ ಬರೆದುಕೊಟ್ಟರು. ತಂಗಿ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಟ್ಟಲೇ ಇಲ್ಲ. 'ಎಲ್ಲರೂ ಹೆರ್ತಾರೆ. ನನಗೊಬ್ಬಳಿಗೇ ಮಾತ್ರೆ ಬೇಕಾ?' ಅಂದಳು.

ಆ ಸಂಜೆ ಸಮೋವಾ ಅಕ್ಕ ಬಂದರು. 'ನಿನ್ನ ತಂಗಿಗೋಸ್ಕರ ಪ್ರಾರ್ಥನೆ ಮಾಡ್ಲಾ?' ಅಂತ ಕೇಳಿದರು.

ಸೋದರಿಯರೇ, ನನಗೆ ಬೇಡ ಅನ್ನಬೇಕು ಅನ್ನಿಸಿತು. ಯಾಕೆ ಅಂದರೆ ನಮ್ಮಮ್ಮನ ಕಥೆ ಹೇಳಬೇಕು. ಅಮ್ಮನಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಮಾಯಲಿಲ್ಲ. ದೇವರಿಗೆ ಹರಕೆ ಹೊತ್ತಳು. ಯಾರೋ ಪುಣ್ಯಾತ್ಮರು, 'ಹರಕೆ ಹೊತ್ತ ಮೇಲೆ ಮಾತ್ರೆ ನುಂಗಿದರೆ ನಂಬಿಕೆ ಇಲ್ಲ ಅಂತಾಗುತ್ತೆ' ಅಂದರಂತೆ. ಅಮ್ಮ ನಮಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಅವಳು ಹೋದ ಮೇಲೆ ಅಕ್ಕಿ ಡಬ್ಬದ ಅಡಿಯಲ್ಲಿ ಮಾತ್ರೆಗಳು ಸಿಕ್ಕವು, ಮೂರು ತಿಂಗಳಿನವು. ಅವತ್ತಿನಿಂದ ನಾನು ದೀಪ ಹಚ್ಚುವುದು ಅಭ್ಯಾಸಬಲದಿಂದ. ಕೈ ಹಚ್ಚುತ್ತಿತ್ತು, ಮನಸ್ಸು ಅಲ್ಲಿರುತ್ತಿರಲಿಲ್ಲ. ಇವರೂ ಈಗ ಮಾತ್ರೆ ಬೇಡ, ದೇವರೇ ಸಾಕು ಅಂದುಬಿಟ್ಟರೆ?

ಸಮೋವಾ ಅಕ್ಕ ಒಳಗೆ ಬಂದು ತಂಗಿಯ ಮಂಚದ ಮೇಲೆ ಕೂತರು. ಕೊಬ್ಬರಿ ಎಣ್ಣೆ ಅಂಗೈಗೆ ಸುರಿದುಕೊಂಡು ಅವಳ ಪಾದ ತಿಕ್ಕಲು ಶುರು ಮಾಡಿದರು. ಹೀಗೆ ತಿಕ್ಕಿ ವಾಸಿ ಮಾಡುವುದಕ್ಕೆ ಅವರಲ್ಲಿ 'ಫೊಫೋ' ಅನ್ನುತ್ತಾರೆ. ಹದಿನೈದು ನಿಮಿಷ ಮಾತೇ ಇಲ್ಲ. ಆಮೇಲೆ ಮೇಜಿನ ಮೇಲಿದ್ದ ಡಬ್ಬಿ ನೋಡಿ, 'ಇವತ್ತಿನ ಮಾತ್ರೆ ತಗೊಂಡೆಯಾ?' ಅಂದರು. ತಂಗಿ ಇಲ್ಲ ಅಂತ ತಲೆಯಾಡಿಸಿದಳು. ಅಕ್ಕ ನನ್ನ ಕಡೆ ನೋಡಿ, 'ನೀರು ತಾ' ಅಂದರು. ತಂದೆ. ಮಾತ್ರೆಯನ್ನು ಅವಳ ಅಂಗೈಗೆ ಹಾಕಿ, ನುಂಗುವವರೆಗೆ ಕಾದು, ಖಾಲಿ ಲೋಟ ನನ್ನ ಕೈಗೆ ಕೊಟ್ಟು, 'ಈಗ ಪ್ರಾರ್ಥನೆ ಮಾಡೋಣ' ಅಂದರು.

ಅವರ ಭಾಷೆಯಲ್ಲಿ ಮಾಡಿದ ಆ ಪ್ರಾರ್ಥನೆಯ ಒಂದು ಪದವೂ ನನಗೆ ತಿಳಿಯಲಿಲ್ಲ. ತಂಗಿ ಮಾತ್ರ ಬಹಳ ದಿನದ ಮೇಲೆ ಬಿಕ್ಕಿಬಿಕ್ಕಿ ಅತ್ತಳು. ನಾನೂ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಅದಾದ ಮೇಲೆ ದಿನಾ ಸಂಜೆ ಅದೇ ಕ್ರಮ. ಎಣ್ಣೆ, ಮಾತ್ರೆ, ಪ್ರಾರ್ಥನೆ. ಒಂದು ದಿನವೂ ತಪ್ಪಲಿಲ್ಲ.

ಕೆಂಪು ಬಟ್ಟೆ ಕಟ್ಟಿದ ಮನೆಗಳು

ಒಂದು ದಿನ ಬೇಲಿ ಹತ್ತಿರ ನಿಂತು ಅವರಿಗೆ ಅಮ್ಮನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮ ಮನೆಯಲ್ಲೂ ಒಂದು ಪುಟ್ಟ ಮಗು ಹೋಯಿತು, 2019ರಲ್ಲಿ' ಅಂದರು.

ಆ ವರ್ಷ ಸಮೋವಾದಲ್ಲಿ ದಡಾರ ಬಂದಿತ್ತು. ಎರಡು ಲಕ್ಷ ಜನರ ಪುಟ್ಟ ದೇಶದಲ್ಲಿ 5,700ಕ್ಕೂ ಹೆಚ್ಚು ಮಂದಿಗೆ ತಗುಲಿ 83 ಮಂದಿ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಅದರ ಹಿಂದಿನ ವರ್ಷ, 2018ರಲ್ಲಿ, ದಡಾರದ ಲಸಿಕೆ ಪುಡಿಯನ್ನು ನೀರಿನ ಬದಲು ಬೇರೆ ಔಷಧಿಯಲ್ಲಿ ತಪ್ಪಿ ಬೆರೆಸಿ ಕೊಟ್ಟು ಎರಡು ಕೂಸುಗಳು ತೀರಿಕೊಂಡಿದ್ದವು. ಲಸಿಕೆಯ ತಪ್ಪಲ್ಲ, ಬೆರೆಸಿದವರ ತಪ್ಪು. ಆದರೆ ತಾಯಂದಿರು ಹೆದರಿದರು, ಲಸಿಕೆ ಹಾಕುವುದೂ ಕೆಲವು ತಿಂಗಳು ನಿಂತಿತ್ತು. ಹಾಗಾಗಿ ದಡಾರ ಬಂದಾಗ ಲಸಿಕೆ ಆಗಿದ್ದ ಮಕ್ಕಳು ಮೂರರಲ್ಲಿ ಒಂದು ಪಾಲು ಮಾತ್ರ. ಎಷ್ಟೋ ಜನ ಮಗುವನ್ನು ಮೊದಲು ನಾಟಿ ವೈದ್ಯರ ಹತ್ತಿರ ಒಯ್ದು, ಉಸಿರು ಕಟ್ಟಿದ ಮೇಲೆ ಆಸ್ಪತ್ರೆಗೆ ತಂದರು.

ಕೊನೆಗೆ ಸರಕಾರ ಡಿಸೆಂಬರ್ 5 ಮತ್ತು 6ರಂದು ಇಡೀ ದೇಶವನ್ನು ಮುಚ್ಚಿತು. ಲಸಿಕೆ ಆಗದವರಿರುವ ಮನೆಯವರು ಬಾಗಿಲ ಮುಂದೆ ಕೆಂಪು ಬಟ್ಟೆ ಕಟ್ಟಬೇಕು, ದಾದಿಯರು ಅಲ್ಲಿಗೇ ಬರುತ್ತಾರೆ ಅಂತ ಸಾರಿದರು. ರಸ್ತೆಯುದ್ದಕ್ಕೂ ಕೆಂಪು ಬಟ್ಟೆಗಳು. ಆ ತಿಂಗಳ ಕೊನೆಗೆ ಹೆಚ್ಚುಕಡಿಮೆ ಎಲ್ಲರಿಗೂ ಲಸಿಕೆಯಾಯಿತು.

'ಪ್ರಾರ್ಥನೆ ಇತ್ತು, ಸೂಜಿ ಇರಲಿಲ್ಲ' ಅಂದರು ಸಮೋವಾ ಅಕ್ಕ. 'ದೇವರು ಎರಡು ಕೈ ಕೊಟ್ಟಿದ್ದಾನೆ. ಒಂದೇ ಕೈಯಲ್ಲಿ ಮಗುವನ್ನು ಎತ್ತೋಕಾಗುತ್ತಾ?'

ನಾಲ್ಕು ಕಂಬದ ಮನೆ

ಸೂಲಗಿತ್ತಿಯ ಚಿಕಿತ್ಸಾಲಯದ ಗೋಡೆಯ ಮೇಲೆ ಒಂದು ಚಿತ್ರವಿತ್ತು. ದುಂಡನೆಯ ಸಮೋವಾ ಮನೆ. ಆ ಮನೆಗೆ ಗೋಡೆ ಇರುವುದಿಲ್ಲ. ಕಂಬ, ಮೇಲೆ ಸೂರು, ಅಷ್ಟೇ. ಅದಕ್ಕೆ 'ಫೋನೊಫಾಲೆ' ಅಂತ ಹೆಸರು. 1980ರ ದಶಕದಲ್ಲಿ ಫುಯಿಮಾವೊನೊ ಕಾರ್ಲ್ ಪುಲೋಟು-ಎಂಡೆಮನ್ ಎಂಬ ಸಮೋವಾ ಮೂಲದ ದಾದಿವೃತ್ತಿಯವರು ತಮ್ಮ ತಾಯಿಯ ತಾಯಿಯ ಹೆಸರಿಟ್ಟು ರೂಪಿಸಿದ್ದು. ಆರೋಗ್ಯ ಅಂದರೆ ಒಂದು ಮನೆ. ತಳಪಾಯ ಅಂದರೆ ಕುಟುಂಬ. ಸೂರು ಅಂದರೆ ತಮ್ಮವರ ಸಂಸ್ಕೃತಿ. ನಡುವೆ ನಾಲ್ಕು ಕಂಬ: ದೇಹ, ಮನಸ್ಸು, ಅಧ್ಯಾತ್ಮ, ನಾಲ್ಕನೆಯದು ವಯಸ್ಸು, ಹೆಣ್ಣುಗಂಡು, ಬಡತನ ಸಿರಿತನ ಮುಂತಾದ ಉಳಿದದ್ದೆಲ್ಲ. ಸುತ್ತ ಪರಿಸರ ಮತ್ತು ಕಾಲ. ಒಂದು ಕಂಬ ಲಡ್ಡಾದರೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ, ಮನೆ ವಾಲುತ್ತದೆ. ಮಾವೊರಿಗಳಲ್ಲೂ ಮೇಸನ್ ಡ್ಯೂರಿ ಎಂಬ ಡಾಕ್ಟರು ಇಂಥದೇ ಮನೆಯ ಚಿತ್ರ ಮಾಡಿದ್ದಾರೆ. ಅದರಲ್ಲೂ ಒಂದು ಗೋಡೆ ಅಧ್ಯಾತ್ಮದ್ದು. ಆ ದೇಶದ ದಾದಿಯರಿಗೆ, ಡಾಕ್ಟರಿಗೆ ಇವನ್ನು ಪಾಠವಾಗಿ ಹೇಳಿಕೊಡುತ್ತಾರೆ.

ನಾನು ಆ ಚಿತ್ರವನ್ನು ನೋಡುತ್ತಾ ನಿಂತೆ. ನಮ್ಮಮ್ಮನಿಗೆ ಸಲಹೆ ಕೊಟ್ಟವರು ಒಂದು ಕಂಬವನ್ನು ಬಿಗಿಯಾಗಿ ಅಪ್ಪಿಕೊಳ್ಳಲು ಹೇಳಿ ಮತ್ತೊಂದನ್ನು ಕಡಿಸಿದ್ದರು. ನಾನೋ, ಸಿಟ್ಟಿನಲ್ಲಿ ಆ ಮೊದಲನೆಯ ಕಂಬವನ್ನೇ ಬಿಟ್ಟುಬಿಟ್ಟಿದ್ದೆ. ತಪ್ಪು ಇಬ್ಬರದೂ ಒಂದೇ ಜಾತಿಯದು.

ಸಮೋವಾದ ಹಳ್ಳಿಗಳಲ್ಲಿ 1920ರ ದಶಕದಿಂದಲೂ ಹೆಂಗಸರ ಆರೋಗ್ಯ ಸಮಿತಿಗಳಿವೆ. ಮಕ್ಕಳ ತೂಕ ನೋಡುವುದು, ಮನೆಗಳ ಶುಚಿತ್ವ ನೋಡುವುದು ಅವರ ಕೆಲಸ. ಈಚೆಗೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯಲ್ಲೂ ಅವರೇ ಮುಂದು. ನಮ್ಮ ಮಹಿಳಾ ಮಂಡಳಗಳು ಮನಸ್ಸು ಮಾಡಿದರೆ ಇದೇನು ದೊಡ್ಡ ಕೆಲಸವೇ?

ಬಿಳಿ ಬಟ್ಟೆಯ ಭಾನುವಾರ

ಅಕ್ಟೋಬರ್ 12, ವಿಜಯದಶಮಿ. ಮೇಜಿನ ಮೇಲೆ ನಾಲ್ಕು ಗೊಂಬೆ ಇಟ್ಟು ನವರಾತ್ರಿ ಮುಗಿಸಿದ್ದೆವು. ಮಾರನೆಯ ದಿನ, ಅಂದರೆ ಅಕ್ಟೋಬರಿನ ಎರಡನೆಯ ಭಾನುವಾರ, ಸಮೋವಾದವರಿಗೆ ಮಕ್ಕಳ ಹಬ್ಬ. 'ವೈಟ್ ಸಂಡೆ' ಅನ್ನುತ್ತಾರೆ. ಸಮೋವಾ ಅಕ್ಕ ತಂಗಿಯನ್ನು ಕರೆದರು. ಐದು ವಾರದಿಂದ ಹೊಸ್ತಿಲು ದಾಟುವುದೇ ಅಪರೂಪವಾಗಿದ್ದ ತಂಗಿ, ತಾನಾಗಿಯೇ ಬೀರು ತೆಗೆದು ಬಿಳಿ ಸೀರೆ ಹುಡುಕಿದಳು. ಅವಳು ಸೀರೆಯ ನೆರಿಗೆ ಹಿಡಿಯುವುದನ್ನು ನಾನು ಬಾಗಿಲ ಮರೆಯಿಂದ ನೋಡಿದೆ.

ಚರ್ಚಿನ ತುಂಬ ಬಿಳಿ ಬಟ್ಟೆ. ಅವತ್ತು ದೊಡ್ಡವರಿಗೆ ಮಾತಿಲ್ಲ. ಪುಟ್ಟ ಮಕ್ಕಳು ಒಬ್ಬೊಬ್ಬರೇ ಎದ್ದು ವಚನ ಒಪ್ಪಿಸುವುದು, ಹಾಡುವುದು, ನಾಟಕ ಆಡುವುದು. ಮರೆತು ನಿಂತರೆ ಇಡೀ ಸಭೆಯೇ ಹೇಳಿಕೊಡುವುದು. ಊಟದಲ್ಲೂ ಮಕ್ಕಳಿಗೇ ಮೊದಲು ಎಲೆ, ದೊಡ್ಡವರು ಬಡಿಸುತ್ತಾರೆ. ಬೇರೆ ದಿನ ಮಕ್ಕಳೇ ದೊಡ್ಡವರಿಗೆ ಬಡಿಸಿ ಆಮೇಲೆ ತಿನ್ನಬೇಕು. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಒಬ್ಬ ದಾದಿ ಮೇಜು ಹಾಕಿಕೊಂಡು ಹಿರಿಯರ ರಕ್ತದೊತ್ತಡ ನೋಡುತ್ತಿದ್ದಳು. 2021ರಲ್ಲಿ ಕೋವಿಡ್ ಕಾಲದಲ್ಲಿ ಹೀಗೆಯೇ ಎಷ್ಟೋ ಚರ್ಚುಗಳ ಅಂಗಳದಲ್ಲಿ ಲಸಿಕೆ ಹಾಕಿದರಂತೆ. ಡಾಕ್ಟರು ಹೇಳಿದರೆ ಕೇಳದವರು ಪಾದ್ರಿ ಮೊದಲು ತೋಳು ಚಾಚಿದ್ದನ್ನು ಕಂಡು ಸಾಲಿನಲ್ಲಿ ನಿಂತರಂತೆ.

ಎಲ್ಲವೂ ಜೇನುತುಪ್ಪ ಅಂತ ತಿಳಿಯಬೇಡಿ. ಯಾವ ಮನೆಯವರು ಎಷ್ಟು ಕಾಣಿಕೆ ಕೊಟ್ಟರು ಅಂತ ಕೆಲವು ಚರ್ಚುಗಳಲ್ಲಿ ಗಟ್ಟಿಯಾಗಿ ಓದುತ್ತಾರೆ. ನಾಚಿಕೆಗೆ ಅಂಜಿ ಸಾಲ ಮಾಡಿ ಕೊಡುವವರಿದ್ದಾರೆ. 'ಮನೆಯಲ್ಲಿ ಹಾಲಿಗೆ ಕಾಸಿಲ್ಲದಿದ್ದರೂ ಕವರು ತುಂಬಿಸಬೇಕು, ಅದು ನನಗೆ ಸರಿ ಕಾಣಲ್ಲ' ಅಂತ ಸಮೋವಾ ಅಕ್ಕನೇ ಅಂದರು. ಹಬ್ಬದೂಟದ ಎಣ್ಣೆ, ಸಿಹಿ ಅವರ ಸಕ್ಕರೆ ಕಾಯಿಲೆಗೆ ಒಳ್ಳೆಯದಲ್ಲ ಅಂತಲೂ ಅವರಿಗೆ ಗೊತ್ತು. ನಮ್ಮ ಹಬ್ಬಗಳೇನು ಕಡಿಮೆಯೇ?

ಅವತ್ತು ಹಾಡು ನಡೆಯುವಾಗ ತಂಗಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಮುಖವನ್ನೇ ನೋಡುತ್ತಿದ್ದಳು. 'ಅಕ್ಕಾ, ಇವಳ ಹುಬ್ಬು ಥೇಟ್ ಅಮ್ಮನದೇ ಅಲ್ವಾ?' ಅಂದಳು. ಮಾತ್ರೆಯಿಂದಲೋ, ಎಣ್ಣೆಯಿಂದಲೋ, ಹಾಡಿನಿಂದಲೋ ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಊರಿಗೆ ಬಂದ ಮೇಲೆ

ನವೆಂಬರ್ ಕೊನೆಗೆ ಹೊರಟು ಬಂದೆ. ತಂಗಿ ಡಾಕ್ಟರು ಸಾಕು ಅನ್ನುವವರೆಗೆ ಮಾತ್ರೆ ತೆಗೆದುಕೊಂಡು ಈಗ ಚೆನ್ನಾಗಿದ್ದಾಳೆ. ಕುಂಡದ ದೇವಕಣಗಿಲೆ ಚಿಗುರಿದೆಯಂತೆ, ಫೋಟೋ ಕಳಿಸಿದ್ದಳು.

ಅಕ್ಕತಂಗಿಯರೇ, ನಿಮ್ಮಲ್ಲಿ ಒಂದು ವಿನಂತಿ. ಬಾಣಂತಿ ಎರಡು ವಾರ ಕಳೆದರೂ ಅಳುತ್ತಿದ್ದರೆ, ನಿದ್ದೆಯಿಲ್ಲದಿದ್ದರೆ, ಮಗುವಿನ ಕಡೆ ನೋಡದಿದ್ದರೆ ಅದನ್ನು ಕೊಬ್ಬು, ನಾಟಕ ಅನ್ನಬೇಡಿ. ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ, ಆಮೇಲೆ ಡಾಕ್ಟರ ಹತ್ತಿರವೂ ಕರೆದೊಯ್ಯಿರಿ. ಸಾಯುವ ಮಾತು ಬಂದರೆ ಒಂದು ಗಳಿಗೆಯೂ ಕಾಯದೆ, ಒಬ್ಬಳನ್ನೇ ಬಿಡದೆ, ಕೂಡಲೇ ಕರೆದೊಯ್ಯಿರಿ. ಕೇಂದ್ರ ಸರಕಾರದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು.

ಈಗ ನಮ್ಮ ಮನೆಯಲ್ಲಿ ಒಂದು ಸಣ್ಣ ಬದಲಾವಣೆಯಾಗಿದೆ. ಅತ್ತೆಯವರ ರಕ್ತದೊತ್ತಡದ ಮಾತ್ರೆ ಡಬ್ಬಿಯನ್ನು ಅಡಿಗೆಮನೆಯ ಗೂಡಿನಿಂದ ತೆಗೆದು ದೇವರ ಮನೆಯ ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದೇನೆ. ಮೊದಲ ದಿನ ಅತ್ತೆ, 'ಇದೇನೇ, ದೇವರ ಹತ್ತಿರ ಇಂಗ್ಲಿಷ್ ಔಷಧಿ?' ಅಂದರು. ಈಗ ಸಂಜೆ ದೀಪ ಹಚ್ಚಿದ ಕೂಡಲೇ ಅವರೇ ಕೈ ಚಾಚುತ್ತಾರೆ. ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ.

ಪಕ್ಕದಲ್ಲಿ ನಾನೂ ಮುಗಿಯುತ್ತೇನೆ, ಈಗ ಮನಸ್ಸಿಟ್ಟು.